ಘಟ್ಟದ ಲೈನು ಹೋದಾಗ ಮಾತ್ರ ಹುಬ್ಬಳ್ಳಿ ಲೈನು ಓಡಬೇಕು, ಹೇಗೆ?

ಪ್ರಶ್ನೆ, ಶಿರಸಿಯಿಂದ:
ನಮ್ಮದು ಸಣ್ಣ ಇಂಟರ್ನೆಟ್ ಸರ್ವಿಸ್. ಸ್ವಂತ ಎಎಸ್ ನಂಬರು (ಇಂಟರ್ನೆಟ್ಟಿನಲ್ಲಿ ನಮ್ಮ ನೆಟ್‌ವರ್ಕಿನ ಗುರುತು ಸಂಖ್ಯೆ), ಒಂದು /23 ಬ್ಲಾಕ್ (512 ಐಪಿ ವಿಳಾಸ) ಇದೆ. ದೊಡ್ಡ ಲೈನು ದೇವಿಮನೆ ಘಟ್ಟ ಹತ್ತಿ ಕುಮಟಾದಿಂದ ಬರುತ್ತೆ. ಬ್ಯಾಕಪ್ ಬೇರೆ ಕಂಪನಿಯದು, ಹುಬ್ಬಳ್ಳಿ ಕಡೆಯಿಂದ. ಘಟ್ಟದ ಕಡೆ ಲೋಕಲ್ ಪ್ರಿಫರೆನ್ಸ್ (ದಾರಿಗೆ ಕೊಡುವ ಆದ್ಯತೆ, ಜಾಸ್ತಿ ಇದ್ದದ್ದು ಗೆಲ್ಲುತ್ತೆ) 200, ಹುಬ್ಬಳ್ಳಿಗೆ 100 ಕೊಟ್ಟಿದ್ದೇನೆ. ಹುಬ್ಬಳ್ಳಿ ಕಡೆ ಪ್ರಿಪೆಂಡ್ ಕೂಡ ಹಾಕಿದ್ದೇನೆ, ಅಂದರೆ ನಮ್ಮ ಎಎಸ್ ನಂಬರನ್ನೇ ಮತ್ತೆ ಮತ್ತೆ ಸೇರಿಸಿ ಆ ದಾರಿ ಉದ್ದ ಕಾಣುವಂತೆ ಮಾಡಿದ್ದೇನೆ. ಆದರೂ ಡೌನ್‌ಲೋಡ್ ಒಂದಷ್ಟು ಹುಬ್ಬಳ್ಳಿಯಿಂದಲೇ ಬಂದು, ಸಂಜೆ ಆ ಸಣ್ಣ ಲೈನು ತುಂಬಿ ಹೋಗುತ್ತೆ. ಮಳೆಗೆ ಘಟ್ಟದಲ್ಲಿ ಕೇಬಲ್ ತುಂಡಾದರೆ ಮೂರು ನಿಮಿಷ ಎಲ್ಲರ ನೆಟ್ಟೂ ಬಂದ್. ಅಡಿಕೆ ಟೆಂಡರ್ ಹೊತ್ತಿಗೆ ಹೀಗಾದರೆ ಜನ ಸುಮ್ನೆ ಬಿಡ್ತಾರಾ?

ಉತ್ತರ, ಕಾರವಾರದಿಂದ:
ಸರ್, ಲೋಕಲ್ ಪ್ರಿಫರೆನ್ಸ್ ನಡೆಯೋದು ನಿಮ್ಮಿಂದ ಹೊರಗೆ ಹೋಗುವ ಟ್ರಾಫಿಕ್ಕಿಗೆ ಮಾತ್ರ. ಒಳಗೆ ಬರೋದು ಯಾವ ದಾರಿ ಅಂತ ಎದುರಿನವರು ತೀರ್ಮಾನ ಮಾಡ್ತಾರೆ. ಹುಬ್ಬಳ್ಳಿ ಕಂಪನಿಗೆ ನೀವು ದುಡ್ಡು ಕೊಡುವ ಗಿರಾಕಿ. ಗಿರಾಕಿಯ ರೂಟಿಗೆ ಅವರು ಸಾಮಾನ್ಯವಾಗಿ ಜಾಸ್ತಿ ಲೋಕಲ್ ಪ್ರಿಫರೆನ್ಸ್ ಇಡ್ತಾರೆ. ಬಿಜಿಪಿ (ನೆಟ್‌ವರ್ಕ್‌ಗಳು ದಾರಿ ಹೇಳಿಕೊಳ್ಳುವ, ಆರಿಸುವ ವ್ಯವಸ್ಥೆ) ಮೊದಲು ನೋಡೋದು ಅದನ್ನು, ಪಾತ್ ಉದ್ದವನ್ನು ಆಮೇಲೆ. ನೀವು ಹತ್ತು ಸಲ ಪ್ರಿಪೆಂಡ್ ಮಾಡಿದರೂ ಅವರ ನೆಟ್‌ವರ್ಕಿನೊಳಗೆ ಲೆಕ್ಕಕ್ಕಿಲ್ಲ.

ಅವರ ಹತ್ತಿರ ಬ್ಯಾಕಪ್ ಕಮ್ಯುನಿಟಿ (ರೂಟಿಗೆ ಹಚ್ಚುವ ಗುರುತು) ಇದೆಯಾ ಕೇಳಿ. ಅದನ್ನು ಹಚ್ಚಿ ಕಳಿಸಿದರೆ ಅವರೇ ನಿಮ್ಮ ರೂಟಿನ ಪ್ರಿಫರೆನ್ಸ್ ಇಳಿಸ್ತಾರೆ. ಹಳೆಯ ಪದ್ಧತಿ ಇದು, 1996ರಲ್ಲಿ ಬಂದ ಆರ್‌ಎಫ್‌ಸಿ (ಇಂಟರ್ನೆಟ್ ತಾಂತ್ರಿಕ ದಾಖಲೆ) ನಂಬರ್ 1998ರಲ್ಲೇ ಇದೆ. ಇಲ್ಲ ಅಂದರೆ ಘಟ್ಟದ ಕಡೆ ಮಾತ್ರ ಎರಡು /24 (ನಿಮ್ಮ /23ರ ಎರಡು ಅರ್ಧ) ಪ್ರಕಟಿಸಿ, /23 ಎರಡೂ ಕಡೆ ಇರಲಿ. ಚಿಕ್ಕ ಬ್ಲಾಕಿನ ರೂಟೇ ಯಾವಾಗಲೂ ಗೆಲ್ಲುತ್ತೆ. ಘಟ್ಟದ ಲೈನು ಬಿದ್ದರೆ /24 ಮಾಯ, /23 ಹಿಡಿದು ಹುಬ್ಬಳ್ಳಿಯಿಂದ ಬರುತ್ತೆ. ನನಗಂತೂ ಕಮ್ಯುನಿಟಿಯೇ ಇಷ್ಟ. ಸುಮ್ನೆ ಲೋಕದವರ ರೂಟಿಂಗ್ ಟೇಬಲ್ ಯಾಕೆ ಉಬ್ಬಿಸಬೇಕು?

ಉತ್ತರ, ಕುಮಟಾದಿಂದ:
ಮೂರು ನಿಮಿಷ ಅಂದರೆ 180 ಸೆಕೆಂಡಿನ ಹೋಲ್ಡ್ ಟೈಮರ್ ಮಾರಾಯ್ರೆ, ಎದುರಿನವರ ಸುದ್ದಿ ಇಲ್ಲದಿದ್ದರೆ ಬಿಜಿಪಿ ಅಷ್ಟು ಹೊತ್ತು ಕಾಯುತ್ತೆ. ಕೇಬಲ್ ಘಟ್ಟದಲ್ಲಿ ತುಂಡಾದರೂ ನಡುವೆ ಸ್ವಿಚ್ ಇದ್ದರೆ ನಿಮ್ಮ ಪೋರ್ಟಿನ ಹಸಿರು ದೀಪ ಉರೀತಾನೇ ಇರುತ್ತೆ. ರೂಟರಿಗೆ ಹೇಗೆ ಗೊತ್ತಾಗಬೇಕು? ಲೈನಿನ ಎರಡೂ ತುದಿಗೆ ಬಿಎಫ್‌ಡಿ (ಲೈನು ಜೀವಂತ ಇದೆಯಾ ಅಂತ ಬೇಗ ಬೇಗ ನೋಡುವ ವ್ಯವಸ್ಥೆ) ಹಾಕಿಸಿ. 300 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಮೂರು ತಪ್ಪಿದರೆ ಸೆಷನ್ ಡೌನ್. ಒಂದು ಸೆಕೆಂಡೂ ಬೇಡ.

ಎರಡು ಕೇಬಲ್ ನಿಜವಾಗಿ ಬೇರೆ ದಾರಿಯಲ್ಲೇ ಇವೆಯಾ ಅಂತ ಮ್ಯಾಪ್ ತರಿಸಿ ನೋಡಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೇ ಕುಸಿದದ್ದನ್ನು ನೋಡಿದ್ದೇವಲ್ವಾ. ಅಂಥ ಜಾಗದಲ್ಲಿ ಎರಡೂ ಒಂದೇ ಕಡೆ ಹೂತಿದ್ದರೆ ಯಾವ ಪಾಲಿಸಿ ಬರೆದರೂ ಉಪಯೋಗ ಇಲ್ಲ.

ಶಿರಸಿಯಿಂದ:
ಕಮ್ಯುನಿಟಿ ಕೊಡ್ತಾರಂತೆ, ಬಿಎಫ್‌ಡಿಗೂ ಒಪ್ಪಿದ್ದಾರೆ. ಬೆಳಗಿನ ಜಾವ ಪೋರ್ಟ್ ಬಂದ್ ಮಾಡಿ ಟೆಸ್ಟ್ ಮಾಡ್ತೇನೆ.

ಕುಮಟಾದಿಂದ:
ಪೋರ್ಟ್ ಬಂದ್ ಮಾಡಿದರೆ ದೀಪ ಆರುತ್ತೆ, ರೂಟರಿಗೆ ಕೂಡಲೇ ಗೊತ್ತಾಗುತ್ತೆ. ಬಿಎಫ್‌ಡಿಯ ಪರೀಕ್ಷೆ ಆಗೋದೇ ಇಲ್ಲ. ನಡುವಿನ ಸ್ವಿಚ್ಚಿನಲ್ಲಿ ನಿಮ್ಮ ಲೈನಿನ ವಿಎಲ್ಎಎನ್ (ಸ್ವಿಚ್ಚಿನೊಳಗಿನ ಪ್ರತ್ಯೇಕ ದಾರಿ) ತೆಗೆಸಿ ನೋಡಿ.