ಜಿಮ್ನಿಗೆ ಅಡಿ ಗಾರ್ಡ್ ಮೊದಲಾ, ಲಿಫ್ಟ್ ಕಿಟ್ ಮೊದಲಾ? ತೋಟದ ದಾರಿಗೆ ಸಲಹೆ ಬೇಕು

ಹಾನುಬಾಳು ಹುಡುಗ:

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆ ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ. ಟಾರ್ ರಸ್ತೆ ಬಿಟ್ಟರೆ ಮನೆಗೆ ಎರಡೂವರೆ ಕಿಲೋಮೀಟರ್ ಮಣ್ಣು ದಾರಿ. ನಾನು ಹಾಸನದಲ್ಲಿ ಕೆಲಸ ಮಾಡುತ್ತೇನೆ, ಶನಿವಾರ ಬಂತೆಂದರೆ ಊರಿಗೆ ಹೊರಡುತ್ತೇನೆ. ಹೋದ ವರ್ಷ ಐದು ಬಾಗಿಲಿನ ಜಿಮ್ನಿ (ಮಾರುತಿಯ ಸಣ್ಣ ಫೋರ್ ವೀಲ್ ಡ್ರೈವ್ ಗಾಡಿ) ತೆಗೆದುಕೊಂಡೆ, ಮ್ಯಾನುಯಲ್ ಗೇರ್. ಈಗ 14,000 ಕಿ.ಮೀ. ಓಡಿದೆ. ಗಾಡಿಯ ಬಗ್ಗೆ ನನಗೆ ದೂರಿಲ್ಲ. ಜುಲೈ ಮಳೆಯಲ್ಲಿ ಪಕ್ಕದ ತೋಟದ ಪಿಕಪ್ ಹೂತು ನಿಂತ ಜಾಗದಲ್ಲಿ 4ಎಲ್ (ನಾಲ್ಕೂ ಚಕ್ರಕ್ಕೆ ನಿಧಾನವಾಗಿ, ಹೆಚ್ಚು ಎಳೆತ ಕೊಡುವ ಗೇರ್) ಹಾಕಿದರೆ ಸುಮ್ನೆ ಹತ್ತಿಕೊಂಡು ಬರುತ್ತದೆ.

ತೊಂದರೆ ಇರೋದು ದಾರಿಯಲ್ಲಿ. ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಜಾಡು ಆಳವಾಗಿದೆ, ನಡುವೆ ದಿಬ್ಬ ಎದ್ದಿದೆ. ಹಳ್ಳದ ಹತ್ತಿರ ಒಂದು ತಿರುವಿದೆ. ಅಲ್ಲಿ ಮಣ್ಣೆಲ್ಲ ಕೊಚ್ಚಿಹೋಗಿ ಬರೀ ಕಲ್ಲು ಉಳಿದಿದೆ. ಎರಡು ವಾರದ ಹಿಂದೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೆ. ಅದೇ ತಿರುವಿನಲ್ಲಿ ಅಡಿಗೆ ಠಣ್ ಅಂತ ಬಡಿಯಿತು. ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಮೂರು ತಿಂಗಳಾಗಿದೆ. ಅವರು ಏನೂ ಹೇಳಲಿಲ್ಲ. ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು, ಅಷ್ಟೇ. ಅದನ್ನು ನೋಡಿ ಹೊಟ್ಟೆ ಕಿವುಚಿದ ಹಾಗಾಯಿತು.

ಬೆಂಗಳೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಎರಡು ಇಂಚಿನ ಲಿಫ್ಟ್ (ಗಾಡಿ ಎತ್ತರಿಸುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ), ಅಡಿಗೆಲ್ಲ ಸ್ಟೀಲ್ ಗಾರ್ಡ್, ಮುಂದೆ ಬುಲ್ ಬಾರ್ (ಬಂಪರಿನ ಮುಂದೆ ಹಾಕುವ ಕಬ್ಬಿಣದ ಕಂಬಿ), 235/75 ಆರ್15 ಅಳತೆಯ ದೊಡ್ಡ ಟೈರ್, ಎಲ್ಲ ಒಟ್ಟಿಗೆ ಹಾಕಿಸಿಬಿಡಿ ಅಂದರು. ಒಂದೂವರೆ ಲಕ್ಷದ ಮೇಲಾಗುತ್ತದೆ. ಅಷ್ಟು ಒಂದೇ ಸಲಕ್ಕೆ ನನ್ನಿಂದಾಗದು. ಮೊದಲು ಯಾವುದು ಮಾಡಿಸಲಿ? ಅಡಿ ಬಡಿಯಬಾರದು, ಅಮ್ಮನಿಗೆ ಕುಲುಕು ಕಡಿಮೆಯಾಗಬೇಕು. ಇವೆರಡೇ ನನಗೆ ಬೇಕಿರೋದು.

ವೀಕೆಂಡ್ ಚಕ್ರ:

ಲಿಫ್ಟ್ ಹಾಕಿಸಿ ಬ್ರೋ. ನನ್ನದಕ್ಕೂ ಎರಡು ಇಂಚು ಹಾಕಿಸಿದ್ದೇನೆ. ಬಿಸಿಲೆ ಕಡೆ ಹೋದಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ದಿಬ್ಬ ಹತ್ತಿ ಇಳಿಯುವಾಗ ಮೊದಲು ಹೊಟ್ಟೆ ಉಜ್ಜುತ್ತಿತ್ತು, ಈಗ ಇಲ್ಲ. ಕಂಪನಿಯ ಶಾಕ್ ಮೆತ್ತಗಿದೆ, ಅದನ್ನು ಬದಲಾಯಿಸಿದರೇ ಅರ್ಧ ಸಮಾಧಾನ. ಬುಲ್ ಬಾರ್ ನಾನು ಹಾಕಿಸಿಲ್ಲ.

ಮೂಡಿಗೆರೆ ಜಿಪ್ಸಿ:

ತಮ್ಮಾ, ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಗಾಡಿ ತೊಳೆಸಿ ರ‍್ಯಾಂಪ್ ಮೇಲೆ ಹತ್ತಿಸಿ. ರ‍್ಯಾಂಪ್ ಇಲ್ಲದಿದ್ದರೆ ಕಣದಲ್ಲಿ ನಿಲ್ಲಿಸಿ, ಹಳೇ ಗೋಣಿಚೀಲ ಹಾಸಿಕೊಂಡು ಟಾರ್ಚ್ ಹಿಡಿದು ಅಡಿಗೆ ನುಗ್ಗಿ. ಎಲ್ಲಿ ಬಣ್ಣ ಕಿತ್ತಿದೆ, ಎಲ್ಲಿ ಕಬ್ಬಿಣ ಹೊಳೆಯುತ್ತಿದೆ ಅಂತ ಒಂದೊಂದಾಗಿ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೆಯಿರಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ.

ಯಾಕೆ ಅಂತ ಹೇಳುತ್ತೇನೆ. ನಾನು 22 ವರ್ಷ ಜಿಪ್ಸಿ ಓಡಿಸಿದವನು, 2023ರಲ್ಲಿ ಜಿಮ್ನಿ ತೆಗೆದುಕೊಂಡೆ. ಎರಡರಲ್ಲೂ ಮುಂದೆ ಹಿಂದೆ ಇಡೀ ಆಕ್ಸೆಲ್, ಅಂದರೆ ಎಡ ಬಲ ಚಕ್ರ ಎರಡನ್ನೂ ಸೇರಿಸುವ ಒಂದೇ ಗಟ್ಟಿ ಅಡ್ಡದಂಡ. ಜಿಪ್ಸಿಗೆ ಪ್ಲೇಟ್ ಸ್ಪ್ರಿಂಗ್, ಜಿಮ್ನಿಗೆ ಕಾಯಿಲ್. ಆಕ್ಸೆಲ್ ಕೂತಿರೋದು ಚಕ್ರದ ಮೇಲೆ. ಸ್ಪ್ರಿಂಗ್ ಕೂತಿರೋದು ಆಕ್ಸೆಲ್ ಮೇಲೆ. ನೀವು ಎರಡಿಂಚು ಎತ್ತರದ ಸ್ಪ್ರಿಂಗ್ ಹಾಕಿದರೆ ಬಾಡಿ, ಛಾಸಿ, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎಳೆತವನ್ನು ಮುಂದಿನ ಹಿಂದಿನ ಆಕ್ಸೆಲ್‌ಗೆ ಹಂಚುವ, ಗಾಡಿಯ ನಡುವಿನ ಪೆಟ್ಟಿಗೆ) ಎಲ್ಲ ಮೇಲೆ ಹೋಗುತ್ತವೆ. ಆದರೆ ಆಕ್ಸೆಲ್ ನಡುವಿನ ಡಿಫರೆನ್ಶಿಯಲ್ ಉಂಡೆ (ಚಕ್ರ ತಿರುಗಿಸುವ ಗೇರ್ ಇರುವ ಗುಂಡು ಭಾಗ) ಇದ್ದಲ್ಲೇ ಇರುತ್ತದೆ. ಒಂದು ಮಿಲಿಮೀಟರ್ ಕೂಡ ಏಳುವುದಿಲ್ಲ. ಕಂಪನಿ ಹೇಳುವ 210 ಮಿ.ಮೀ. ಕ್ಲಿಯರೆನ್ಸ್ (ನೆಲದಿಂದ ಗಾಡಿಯ ಅಡಿಯ ಎತ್ತರ) ಲಿಫ್ಟ್ ಹಾಕಿದ ಮೇಲೂ ಉಂಡೆಯ ಹತ್ತಿರ ಅಷ್ಟೇ.

ಉಂಡೆ ಎತ್ತರ ಆಗಬೇಕು ಅಂದರೆ ದಾರಿ ಒಂದೇ: ದೊಡ್ಡ ಟೈರ್. ಕಂಪನಿಯ 195/80 ಆರ್15 ಟೈರಿನ ವ್ಯಾಸ 693 ಮಿ.ಮೀ. 215/75 ಹಾಕಿದರೆ ಸುಮಾರು 703. ವ್ಯಾಸ ಹತ್ತು ಜಾಸ್ತಿಯಾದರೆ ನೆಲದಿಂದ ಏಳುವುದು ಅದರರ್ಧ, ಐದು ಮಿ.ಮೀ. 235/75 ಹಾಕಿದರೆ ವ್ಯಾಸ 733, ಏಳುವುದು 20. ಆದರೆ ಅಷ್ಟು ದೊಡ್ಡದು ಲಿಫ್ಟ್ ಇಲ್ಲದೆ ಬಾಡಿಗೆ ತಾಗುತ್ತದೆ, ಮೀಟರ್ 80 ತೋರಿಸುವಾಗ ನೀವು 84ರ ಮೇಲೆ ಇರುತ್ತೀರಿ. ಚಿಕ್ಕ ಇಂಜಿನ್ ಬೇರೆ, ಏರಿನಲ್ಲಿ ಎಳೆಯುವುದು ಕಡಿಮೆಯಾಗುತ್ತದೆ.

ಹಾಗಾಗಿ ಜಾಡಿನ ನಡುದಿಬ್ಬ ಉಂಡೆಗೆ ಬಡಿಯುತ್ತಿದೆಯೋ, ಇಲ್ಲ ದಿಬ್ಬ ಹತ್ತುವಾಗ ಟ್ರಾನ್ಸ್‌ಫರ್ ಕೇಸ್ ಉಜ್ಜುತ್ತಿದೆಯೋ ಮೊದಲು ಗೊತ್ತಾಗಬೇಕು. ವೀಕೆಂಡ್ ಚಕ್ರ ಹೇಳಿದ್ದು ಎರಡನೆಯದು, ಅದಕ್ಕೆ ಲಿಫ್ಟ್ ಸರಿಯಾದ ಮದ್ದು. ನಿಮ್ಮದು ಮೊದಲನೆಯದು ಅಂತ ನನಗನಿಸುತ್ತದೆ. ಅಡಿಗೆ ಹೋಗಿ ನೋಡಿದರೆ ಖಾತ್ರಿಯಾಗುತ್ತದೆ.

ಈಗ ಲಿಫ್ಟ್ ಬಗ್ಗೆ ನನಗಾದದ್ದು. ನಾನೂ ಆಸೆಪಟ್ಟು ಎರಡಿಂಚು ಹಾಕಿಸಿದೆ. ಹಾಕಿದವರು ಸ್ಪ್ರಿಂಗ್, ಶಾಕ್ ಎರಡನ್ನೇ ಬದಲಾಯಿಸಿ ಕಳಿಸಿದರು. ಬೇಲೂರಿನಿಂದ ಮೂಡಿಗೆರೆಗೆ ಬರುವಾಗ 75ರ ಹತ್ತಿರ ಒಂದು ಗುಂಡಿಗೆ ಬಿತ್ತು. ಸ್ಟೀರಿಂಗ್ ಶುರುಮಾಡಿತು ನೋಡಿ, ಕೈಯಲ್ಲಿ ಹಿಡಿದು ನಿಲ್ಲಿಸಲಾಗದ ಹಾಗೆ ಗಡಗಡ ನಡುಗಿತು. ವೇಗ 40ಕ್ಕೆ ಇಳಿದ ಮೇಲೆ ತಾನಾಗಿ ನಿಂತಿತು. ರಸ್ತೆ ಬದಿಗೆ ಹಾಕಿ ಹತ್ತು ನಿಮಿಷ ಸುಮ್ನೆ ಕೂತಿದ್ದೆ. ಪಕ್ಕದಲ್ಲಿ ಮೊಮ್ಮಗಳಿದ್ದಳು.

ಕಾರಣ ಆಮೇಲೆ ಗೊತ್ತಾಯಿತು. ಮುಂದಿನ ಆಕ್ಸೆಲನ್ನು ಎರಡು ಉದ್ದ ಆರ್ಮ್ ಹಿಡಿದಿರುತ್ತವೆ. ಬಾಡಿ ಮೇಲೆ ಹೋದಾಗ ಆ ಆರ್ಮ್ ಕೋನ ಬದಲಾಗಿ ಆಕ್ಸೆಲ್ ಸ್ವಲ್ಪ ಮುಂದಕ್ಕೆ ಹೊರಳುತ್ತದೆ. ಅದಕ್ಕೆ ಕ್ಯಾಸ್ಟರ್ ಕಡಿಮೆಯಾಗೋದು ಅಂತಾರೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿದ್ದರೆ ಕೈ ಬಿಟ್ಟರೂ ನೇರ ಹೋಗುತ್ತದೆ, ಅಲ್ವಾ? ಅದನ್ನು ನೆಟ್ಟಗೆ ಮಾಡಿದರೆ ಅಲ್ಲಾಡುತ್ತದೆ. ಇಲ್ಲೂ ಹಾಗೇ. ಅದನ್ನು ಸರಿಮಾಡಲು ಬೇರೆ ಬುಶ್ (ಆರ್ಮ್ ಕೂರುವ ರಬ್ಬರ್ ಬಳೆ) ಸಿಗುತ್ತದೆ, ಅದನ್ನು ಹಾಕಿರಲಿಲ್ಲ. ಟೈರ್ ಬ್ಯಾಲೆನ್ಸ್ ಕೂಡ ಕೆಟ್ಟಿತ್ತು. ಎರಡೂ ಸೇರಿ ಹಾಗಾಗಿದ್ದು. ಆಮೇಲೆ ಪ್ಯಾನ್‌ಹಾರ್ಡ್ ರಾಡ್ ಇದೆ, ಆಕ್ಸೆಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ಕಂಬಿ. ಲಿಫ್ಟ್ ಆದಾಗ ಅದು ಆಕ್ಸೆಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ, ಅಡ್ಜಸ್ಟ್ ಮಾಡುವಂಥದ್ದು ಹಾಕಬೇಕು. ಬ್ರೇಕ್ ಹೋಸ್ ಉದ್ದ ಸಾಲುತ್ತದೆಯೋ ಇಲ್ಲವೋ ಚಕ್ರ ಪೂರ್ತಿ ಇಳಿಬಿಟ್ಟು ನೋಡಬೇಕು. ಇದೆಲ್ಲ ಹೇಳದೆ "ಲಿಫ್ಟ್ ಇಷ್ಟು ಸಾವಿರ" ಅನ್ನುವವರ ಹತ್ತಿರ ಗಾಡಿ ಕೊಡಬೇಡಿ. ನಾನು ಬುಶ್ ಹಾಕಿಸಿ, ಕೊನೆಗೆ ಸ್ಪ್ರಿಂಗನ್ನೂ 40 ಮಿ.ಮೀ. ಲಿಫ್ಟಿನದಕ್ಕೆ ಇಳಿಸಿಕೊಂಡೆ. ಈಗ ನಡುಕವಿಲ್ಲ.

ಇನ್ನೊಂದು ಮಾತು, ಇದು ಅಮ್ಮನ ಸಲುವಾಗಿ. ಎರಡಿಂಚು ಲಿಫ್ಟ್ ಜೊತೆಗೆ 235 ಟೈರ್ ಹಾಕಿದರೆ ಅವರು ಹತ್ತುವ ಮೆಟ್ಟಿಲು 70 ಮಿ.ಮೀ. ಎತ್ತರವಾಗುತ್ತದೆ. ಹೊಸ ಮಂಡಿಗೆ ಅದು ದೊಡ್ಡ ಎತ್ತರ. ದಾರಿಯ ಕುಲುಕಿಗಿಂತ ಗಾಡಿ ಹತ್ತಿ ಇಳಿಯುವುದೇ ಅವರಿಗೆ ಕಷ್ಟವಾದೀತು. ಆಮೇಲೆ ಸೈಡ್ ಸ್ಟೆಪ್ ಹಾಕಿಸಲು ಹೋಗುತ್ತೀರಿ, ಅದು ಕೆಳಗೆ ಜೋತು ಬಿದ್ದು ಅದೇ ಕಲ್ಲಿಗೆ ಬಡಿಯುತ್ತದೆ. ನಮ್ಮ ಮನೆಯಲ್ಲಿ ಹೆಂಡತಿಗೆ ಹಿಂದಿನ ಡಿಕ್ಕಿಯಲ್ಲಿ ಒಂದು ಮರದ ಮಣೆ ಇಟ್ಟಿದ್ದೇನೆ, ಆರಿಂಚು ಎತ್ತರದ್ದು.

ಕುಲುಕಿಗೆ ನನ್ನ ಮೊದಲ ಮದ್ದು ಗಾಳಿ. ಸಣ್ಣ 12 ವೋಲ್ಟ್ ಕಂಪ್ರೆಸರ್ ಒಂದು ತೆಗೆದುಕೊಳ್ಳಿ. ಟಾರ್ ಬಿಟ್ಟ ಕೂಡಲೇ ನಾಲ್ಕೂ ಟೈರಿಗೆ 20 ಪಿಎಸ್‌ಐ ಮಾಡಿ, ನಿಧಾನಕ್ಕೆ ಹೋಗಿ. ವಾಪಸ್ ಟಾರಿಗೆ ಬಂದಾಗ ಬಾಗಿಲಿನ ಹತ್ತಿರದ ಸ್ಟಿಕ್ಕರಿನಲ್ಲಿ ಬರೆದಷ್ಟು ತುಂಬಿ. ಇದನ್ನು ಮಾತ್ರ ಮರೆಯಬೇಡಿ, ಕಡಿಮೆ ಗಾಳಿಯಲ್ಲಿ ಹೈವೇ ಓಡಿಸಿದರೆ ಟೈರ್ ಬಿಸಿಯಾಗಿ ಸಿಡಿಯುತ್ತದೆ. ಒಂದು ದಿನ ಮಾಡಿ ನೋಡಿ, ಅಮ್ಮನೇ ಹೇಳುತ್ತಾರೆ. ಆಮೇಲೂ ಸಾಲದಿದ್ದರೆ ಕಂಪನಿ ಎತ್ತರದ್ದೇ ಒಳ್ಳೆಯ ಶಾಕ್ ಹಾಕಿಸಿ. ಭಾರ ಹೊರುವ ಸ್ಪ್ರಿಂಗ್ ಬೇಡ. ಅದು ಸದಾ ನೂರು ಕೆಜಿ ಸಾಮಾನು ಹೇರುವವರಿಗೆ. ನಿಮ್ಮ ಹಾಗೆ ಖಾಲಿ ಓಡಿಸಿದರೆ ಎಗರುತ್ತದೆ. ಟೈರ್ ಸವೆದಾಗ 215/75 ಆಲ್ ಟೆರೈನ್ (ಟಾರಿಗೂ ಮಣ್ಣಿಗೂ ಆಗುವ ಟೈರ್) ಹಾಕಿ, ಕಂಪನಿ ರಿಮ್ಮಿಗೇ ಕೂರುತ್ತದೆ. ಅದರಲ್ಲೂ ಎಲ್‌ಟಿ ಅಂತ ಇರುವ ಗಟ್ಟಿ ಟೈರ್ ಬೇಡ.

ಗಾರ್ಡ್ ವಿಷಯ. ಎಲ್ಲ ಒಟ್ಟಿಗೆ ಬೇಡ, ಗುರುತು ಬಿದ್ದಲ್ಲಿ ಮಾತ್ರ. ಈ ಗಾಡಿಯ ತೂಕ ಸುಮಾರು 1200 ಕೆಜಿ, ತುಂಬಿದ ಮೇಲೆ ಇರಬಹುದಾದ ತೂಕ 1545. ಅಂದರೆ ಉಳಿಯೋದು 340ರ ಆಸುಪಾಸು. ನಾಲ್ಕು ಜನ ಕೂತರೆ 280 ಹೋಯಿತು. ಅಡಿಗೆಲ್ಲ ಸ್ಟೀಲ್ ಬಿಗಿದರೆ ಒಂದು ಮೂಟೆ ಮೆಣಸು ಹಾಕಲು ಜಾಗ ಇದ್ದರೂ ಲೆಕ್ಕದಲ್ಲಿ ತೂಕ ಇರುವುದಿಲ್ಲ. ಸ್ಟೀಲ್ ಕಲ್ಲಿನ ಮೇಲೆ ಜಾರುತ್ತದೆ, ಆದರೆ ಭಾರ, ತುಕ್ಕು. ಅಲ್ಯೂಮಿನಿಯಂ ಹಗುರ, ಆದರೆ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ನಿಮ್ಮದು ಕಲ್ಲು ದಾರಿ, ಉಂಡೆಗೆ ಸ್ಟೀಲ್ ಸರಿ. ಆಯಿಲ್ ಬಿಡುವ ತೂತು ಇರಬೇಕು, ಇಲ್ಲದಿದ್ದರೆ ಪ್ರತಿ ಸರ್ವಿಸ್‌ಗೂ ಪೂರ್ತಿ ಬಿಚ್ಚಬೇಕು. ನಮ್ಮ ಕೆಂಪು ಮಣ್ಣು ಗಾರ್ಡ್ ಒಳಗೆ ಕೂತು ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ತೊಳೆಸಲೇಬೇಕು.

ಹಳ್ಳ ದಾಟುವುದಿದ್ದರೆ ಡಿಫರೆನ್ಶಿಯಲ್ ಆಯಿಲ್ ನೋಡುತ್ತಿರಿ. ಹಾಲು ಬೆರೆಸಿದ ಕಾಫಿ ಬಣ್ಣ ಬಂದಿದ್ದರೆ ನೀರು ಹೋಗಿದೆ ಅಂತ ಅರ್ಥ.

ಬುಲ್ ಬಾರ್ ಬೇಡವೇ ಬೇಡ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಇಲಾಖೆ ಎಲ್ಲ ರಾಜ್ಯಗಳಿಗೆ ಪತ್ರ ಬರೆದು ಅದರ ಮೇಲೆ ಕ್ರಮ ತೆಗೆದುಕೊಳ್ಳಿ ಅಂದಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ. ದಂಡದ ಮಾತು ಬಿಡಿ, ಗುದ್ದಿದಾಗ ಏಟು ಸೀದಾ ಛಾಸಿಗೆ ಹೋಗುತ್ತದೆ. ಏರ್‌ಬ್ಯಾಗ್ ತೆರೆಯುವ ಹೊತ್ತು ತಪ್ಪಬಹುದು. ದಾರಿಯಲ್ಲಿ ನಡೆಯುವವರಿಗೆ ತಾಗಿದರೆ ಅವರ ಗತಿ? ಉಳಿದದ್ದು ಏನೇ ಹಾಕಿಸಿದರೂ ಇನ್ಶೂರೆನ್ಸ್ ಕಂಪನಿಗೆ ಮುಂಚೆಯೇ ಬರೆದು ತಿಳಿಸಿ.

ಬ್ರೆಝಾ ಮಲೆನಾಡು:

ಜಿಮ್ನಿ ಅಲ್ಲದವರಿಗೂ ಒಂದು ಮಾತು ಸೇರಿಸುತ್ತೇನೆ. ನನ್ನದು ಬ್ರೆಝಾ, ಕ್ಲಿಯರೆನ್ಸ್ 198 ಮಿ.ಮೀ. ಇದರಲ್ಲಿ ಮುಂದೆ ಇಡೀ ಆಕ್ಸೆಲ್ ಇಲ್ಲ, ಹಾಗಾಗಿ ಸ್ಪ್ರಿಂಗ್ ಎತ್ತರಿಸಿದರೆ ಇಂಜಿನ್ ಅಡಿಯೂ ಏಳುತ್ತದೆ. ಆದರೆ ಚಕ್ರಕ್ಕೆ ಹೋಗುವ ಶಾಫ್ಟ್ ಕೋನ ಜಾಸ್ತಿಯಾಗಿ ರಬ್ಬರ್ ಬೂಟ್ ಬೇಗ ಹರಿಯುತ್ತದೆ. ನನ್ನದು ಎಂಟು ತಿಂಗಳಿಗೆ ಹರಿಯಿತು, ಗ್ರೀಸ್ ಎಲ್ಲ ಹೊರಗೆ. ಕಾಯಿಲ್ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಅಂತೂ ಹಾಕಲೇಬೇಡಿ. ಆ ಸುತ್ತು ಕೆಲಸ ಮಾಡುವುದು ನಿಂತು ಭಾರವೆಲ್ಲ ಉಳಿದ ಸುತ್ತುಗಳಿಗೆ ಬೀಳುತ್ತದೆ. ಈಗ ಎಲ್ಲ ತೆಗೆಸಿ ಇಂಜಿನ್ ಅಡಿಗೆ ಒಂದು ಗಾರ್ಡ್ ಮಾತ್ರ ಇಟ್ಟುಕೊಂಡಿದ್ದೇನೆ.

ಹಾನುಬಾಳು ಹುಡುಗ:

ಜಿಪ್ಸಿ ಸರ್, ನೀವು ಹೇಳಿದ ಹಾಗೆ ಭಾನುವಾರ ಬೆಳಿಗ್ಗೆ ಕಣದಲ್ಲಿ ಗಾಡಿ ನಿಲ್ಲಿಸಿ ಅಡಿಗೆ ಹೋದೆ. ಅಪ್ಪ ಟಾರ್ಚ್ ಹಿಡಿದಿದ್ದರು.

ಹಿಂದಿನ ಡಿಫರೆನ್ಶಿಯಲ್ ಉಂಡೆಯ ತಳದಲ್ಲಿ ಅಂಗೈ ಅಗಲ ಬಣ್ಣ ಹೋಗಿದೆ. ಮೂರು ಗೀರು ಉದ್ದಕ್ಕೆ ಹೋಗಿವೆ, ಒಂದು ಹೊಸದು, ಬೆರಳಿಟ್ಟರೆ ಒರಟಾಗಿ ತಾಗುತ್ತದೆ. ಹಳೆಯ ಎರಡರಲ್ಲಿ ಆಗಲೇ ತುಕ್ಕು ಬಂದಿದೆ. ಹಿಂದಿನ ಎಡಗಡೆ ಆರ್ಮ್ ಆಕ್ಸೆಲ್‌ಗೆ ಸೇರುವ ಬ್ರಾಕೆಟ್ಟಿನ ಅಂಚು ಸ್ವಲ್ಪ ಮಡಚಿದೆ. ಟ್ರಾನ್ಸ್‌ಫರ್ ಕೇಸ್ ಹತ್ತಿರ ಬರೀ ಒಣಗಿದ ಮಣ್ಣು, ಒಂದು ಗೀರೂ ಇಲ್ಲ. ಮುಂದಿನ ಸ್ಟೀರಿಂಗ್ ರಾಡ್ ಕೂಡ ಸರಿಯಾಗಿದೆ. ಅಂದರೆ ಬಡಿದದ್ದೆಲ್ಲ ಆಕ್ಸೆಲ್‌ಗೇ. ಆ ಲಿಫ್ಟಿಗೆ ದುಡ್ಡು ಹಾಕಿದ್ದರೆ ಈ ಗೀರುಗಳಲ್ಲಿ ಒಂದೂ ತಪ್ಪುತ್ತಿರಲಿಲ್ಲ!

ಗಾಳಿ 20ಕ್ಕೆ ಇಳಿಸಿ ಅಮ್ಮನನ್ನು ಕೂರಿಸಿಕೊಂಡು ಗೇಟಿನ ತನಕ ಹೋಗಿ ಬಂದೆ. ಅರ್ಧ ದಾರಿಗೆ ಹಿಡಿ ಬಿಟ್ಟು ಕೈ ಮಡಿಲಲ್ಲಿ ಇಟ್ಟುಕೊಂಡರು. ಹಿಂದಿನ ಉಂಡೆಗೂ ಆ ಬ್ರಾಕೆಟ್ಟಿಗೂ ಸ್ಟೀಲ್ ಗಾರ್ಡ್ ಆರ್ಡರ್ ಮಾಡುತ್ತೇನೆ. ಹಳ್ಳದ ತಿರುವಿಗೆ ಒಂದು ಟ್ರ್ಯಾಕ್ಟರ್ ಲೋಡ್ ಸೈಜುಗಲ್ಲು ಹೊಡೆಸೋಣ ಅಂತ ಅಪ್ಪ ಅಂದರು. ಜಾಡಿಗೆ ತುಂಬಿದರೆ ಸಾಕಾ, ಇಲ್ಲ ನಡುದಿಬ್ಬ ಕೂಡ ಕಡಿಸಬೇಕಾ?

ಮೂಡಿಗೆರೆ ಜಿಪ್ಸಿ:

ಮೊದಲು ಮೇಲ್ಗಡೆ ಬಸಿಗಾಲುವೆ ತೆಗೆಸಿ, ನೀರು ದಾರಿಗೆ ಬಾರದ ಹಾಗೆ ತಿರುಗಿಸಿ. ಇಲ್ಲದಿದ್ದರೆ ಜೂನಿನಲ್ಲಿ ಕಲ್ಲೂ ಹಳ್ಳ ಸೇರುತ್ತದೆ. ಆಮೇಲೆ ದಿಬ್ಬ ಕಡಿದು ಆ ಮಣ್ಣನ್ನು ಜಾಡಿಗೆ ಹಾಕಿ, ಮೇಲೆ ಕಲ್ಲು ಕೂರಿಸಿ. ಮಡಚಿದ ಬ್ರಾಕೆಟ್ಟನ್ನು ಗಾರ್ಡ್ ಹಾಕುವ ಮುಂಚೆ ತೋರಿಸಿಬಿಡಿ, ವೆಲ್ಡಿಂಗ್ ಬಿರುಕು ಬಿಟ್ಟಿದೆಯಾ ನೋಡಲಿ. ತುಕ್ಕು ಹಿಡಿದ ಗೀರನ್ನು ಉಜ್ಜಿ ಪ್ರೈಮರ್ ಹೊಡೆದು ಆಮೇಲೆ ಗಾರ್ಡ್ ಬಿಗಿಯಿರಿ. ಅಮ್ಮನಿಗೆ ಮಣೆ ಅಳತೆ ಬೇಕಿದ್ದರೆ ಕಳಿಸುತ್ತೇನೆ.