ಗುಡ್ಡೆಯಲ್ಲಿ ಪಾಂಡವರ ಗುಹೆ ಉಂಟು, ಕೋರೆಗೆ ಕೊಡದ ಹಾಗೆ ಎಂತ ಮಾಡೋದು?

ಮುರಕಲ್ಲು_ಗುಡ್ಡೆ:
ಕಾರ್ಕಳ ಹತ್ರ ನಮ್ಮ ಕುಟುಂಬದ ಜಾಗ, ಮೇಲೆ ಪೂರಾ ಮುರಕಲ್ಲು (ಕೆಂಪುಕಲ್ಲು). ಅಲ್ಲಿ ಕಲ್ಲಲ್ಲೇ ಕೊರೆದ ಒಂದು ದುಂಡು ಬಾಯಿ ಉಂಟು, ಒಳಗೆ ಗುಮ್ಮಟದ ಹಾಗೆ ಕೋಣೆ, ಅರ್ಧ ಮಣ್ಣು ತುಂಬಿದೆ, ಅಜ್ಜಿ ಕಾಲದಿಂದ್ಲೂ ಪಾಂಡವರ ಗುಹೆ ಅಂತ್ಲೇ ಹೇಳೋದು. ಈಗ ದೊಡ್ಡಪ್ಪನ ಮಕ್ಕಳು ಕೆಂಪುಕಲ್ಲು ಕೋರೆಯವರಿಗೆ ಲೀಸಿಗೆ ಕೊಡುವ ಅಂತಿದ್ದಾರೆ, ಒಬ್ರು ನಿಧಿ ಇರ್ಬೋದು ಮೊದ್ಲು ಅಗೆದು ನೋಡುವ ಅಂತ. ನಂಗೆ ಎರಡಕ್ಕೂ ಮನಸ್ಸಿಲ್ಲ. ಪುರಾತತ್ವ ಇಲಾಖೆಗೆ ಹೇಳಿದ್ರೆ ಇಡೀ ಜಾಗ ಸರ್ಕಾರಕ್ಕೆ ಹೋಗ್ತದಾ?

ತುಳುನಾಡ_ಚರಿತ್ರೆ:
ದಯವಿಟ್ಟು ಅಗೆಯಲಿಕ್ಕೆ ಬಿಡ್ಬೇಡಿ. ನೀವು ಹೇಳಿದ್ದು ನೋಡಿದ್ರೆ ಬೃಹತ್ ಶಿಲಾ ಸಂಸ್ಕೃತಿಯ (ದೊಡ್ಡ ಕಲ್ಲಿನ ಸಮಾಧಿ ಮಾಡ್ತಿದ್ದ ಪ್ರಾಚೀನ ಕಾಲದವರ) ಸಮಾಧಿ ಇರ್ಬೇಕು, ಮುರಕಲ್ಲು ಕೊರೆದು ಮಾಡಿದ ಇಂಥದ್ದು ನಮ್ಮ ಕರಾವಳಿಯಲ್ಲೂ ಕೇರಳದಲ್ಲೂ ಉಂಟು. ಒಳಗೆ ಸಾಮಾನ್ಯವಾಗಿ ಸಿಗೋದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು, ಮೂಳೆ ಚೂರು, ಅಷ್ಟೇ ಮಾರ್ರೆ. ಆದ್ರೆ ಯಾವ ಮಡಕೆ ಎಲ್ಲಿತ್ತು, ಯಾವ ಪದರದಲ್ಲಿತ್ತು ಅನ್ನೋದ್ರಿಂದ್ಲೇ ಸತ್ತವರನ್ನ ಆಗಿನವರು ಹೇಗೆ ಕಳಿಸಿಕೊಟ್ರು ಅಂತ ಗೊತ್ತಾಗೋದು, ಪಿಕಾಸಿ ಬಿದ್ರೆ ಅದು ಹೋಯ್ತು, ಚೂರುಗಳನ್ನ ಆಮೇಲೆ ಮ್ಯೂಸಿಯಂಗೆ ಕೊಟ್ರೂ ಪ್ರಯೋಜನ ಕಮ್ಮಿ.
ಮೂಡುಬಿದಿರೆ ಹತ್ರದ ಮೂಡು ಕೊಣಾಜೆ ನೋಡಿ. 1980ರ ದಶಕದಲ್ಲಿ ಇತಿಹಾಸಕಾರ ಪುಂಡಿಕಾಯ್ ಗಣಪಯ್ಯ ಭಟ್ಟರು ಅಲ್ಲಿ 9 ಕಲ್ಮನೆ ಸಮಾಧಿ (ಚಪ್ಪಡಿ ಕಲ್ಲು ನಿಲ್ಲಿಸಿ ಮನೆ ಹಾಗೆ ಮಾಡಿದ್ದು) ಗುರುತಿಸಿದ್ರು, ಈಗ ಸರಿಯಾಗಿ ಉಳಿದದ್ದು 2. ಅಲ್ಲೇ 2023ರಲ್ಲಿ ಪುರಾತತ್ವ ಸಂಶೋಧಕ ಪ್ರೊ. ಟಿ. ಮುರುಗೇಶಿಯವರಿಗೆ ಸುಟ್ಟ ಮಣ್ಣಿನ ಗೂಳಿ, ನವಿಲು, ಕುದುರೆ, ಮಾತೃದೇವತೆ ಗೊಂಬೆಗಳು ಸಿಕ್ಕಿದ್ದು, ಕ್ರಿ.ಪೂ. 800-700 ಅಂತ ಅವರ ಅಂದಾಜು. ಹಾಳಾದ ಆ 7ರಲ್ಲಿ ಎಂತೆಲ್ಲ ಇತ್ತೋ, ನೆನೆಸಿದ್ರೆ ಹೊಟ್ಟೆ ಉರೀತದೆ.

ಉಡುಪಿ_ವಕೀಲ:
ಹೇಳಿದ ಕೂಡ್ಲೆ ಜಾಗ ಹೋಗೋದಿಲ್ಲ. ಸಂರಕ್ಷಿತ ಅಂತ ಆಗ್ಲಿಕ್ಕೆ ಅಧಿಸೂಚನೆ ಆಗ್ಬೇಕು, ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆಯಲ್ಲಾದ್ರೆ ಆಕ್ಷೇಪಣೆಗೆ 2 ತಿಂಗಳು ಟೈಮ್ ಉಂಟು, ಮಾಲೀಕರ ಜೊತೆ ಒಪ್ಪಂದ ಮಾಡ್ಕೊಳ್ಳುವ ದಾರಿಯೂ ಉಂಟು. ರಾಜ್ಯದ ಕಾಯ್ದೆ 1961ರದ್ದು. ಒಂದು ಮಾತ್ರ ನೆನಪಿಡಿ, ಕೇಂದ್ರದ ರಕ್ಷಣೆ ಬಂದ್ರೆ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅದರಾಚೆ 200 ಮೀಟರಿಗೆ ಪರ್ಮಿಷನ್ ಬೇಕು, ಪಕ್ಕದಲ್ಲೇ ಮನೆ ಕಟ್ಟುವ ಪ್ಲಾನ್ ಇದ್ರೆ ಮನೆಯವರಿಗೆ ಈಗ್ಲೇ ಹೇಳಿಬಿಡಿ. ನಿಧಿ ಅಂತ ಹೊರಟವರಿಗೂ ಹೇಳಿ, ಸಿಕ್ಕಿದ್ದನ್ನ ಡಿಸಿಗೆ ತಿಳಿಸದೆ ಮುಚ್ಚಿಟ್ರೆ ಕೇಸ್ ಆಗ್ತದೆ. ಸರ್ವೆ ನಂಬರ್, ಲೊಕೇಶನ್, ಫೋಟೋ (ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೀರಿ) ಹಾಕಿ ಮಣಿಪಾಲದ ಡಿಸಿ ಆಫೀಸಿಗೂ ರಾಜ್ಯ ಪುರಾತತ್ವ ಇಲಾಖೆಗೂ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಲೀಸ್ ಅಗ್ರಿಮೆಂಟ್ ಆಗುವ ಮೊದ್ಲೇ.

ಮುರಕಲ್ಲು_ಗುಡ್ಡೆ:
ತುಂಬಾ ಥ್ಯಾಂಕ್ಸ್. ಮೂಡು ಕೊಣಾಜೆ ವಿಷ್ಯ ಅಣ್ಣಂದಿರಿಗೆ ಓದಿ ಹೇಳಿದೆ, ದೊಡ್ಡವರು ಸ್ವಲ್ಪ ಮೆತ್ತಗಾಗಿದ್ದಾರೆ, ಗುಹೆ ಇರುವ ಭಾಗ ಬಿಟ್ಟು ಮಾತಾಡುವ ಅಂತಿದ್ದಾರೆ. ಕೋರೆ ಮೆಷಿನ್ ಎಷ್ಟು ದೂರ ಇದ್ರೆ ಗುಹೆ ಬಿರುಕು ಬಿಡೋದಿಲ್ಲ ಅಂತ ಯಾರಿಗಾದ್ರೂ ಗೊತ್ತುಂಟಾ?