ಎಂಆರ್‌ಐ ಸೇಫ್ಟಿಗೆ ಕಂಪೆನಿಯವರ ಟ್ರೈನಿಂಗ್ ಒಂದೇ ಸಾಕಾ?

ಪ್ರಶ್ನೆ (ಸಿ.ಟಿ. ಟೆಕ್ನಿಶಿಯನ್, ಬದಿಯಡ್ಕ): ನಮಸ್ಕಾರ ಅಣ್ಣ. ಬಿ.ಎಸ್ಸಿ. ಇಮೇಜಿಂಗ್ ಮುಗಿಸಿ ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಸಿ.ಟಿ. ನೋಡಿಕೊಳ್ತಿದ್ದೇನೆ. ಈಗ ಅಲ್ಲಿಗೆ 1.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಎಂಆರ್‌ಐ ಬರ್ತಾ ಉಂಟು. ಮೆಷಿನ್ ಕೂರಿಸಿದ ಮೇಲೆ ಕಂಪೆನಿಯವರೇ ಬಂದು ಕಲಿಸ್ತಾರೆ, ಬೇರೆ ಎಂತದೂ ಬೇಡ ಅಂತ ಮ್ಯಾನೇಜ್‌ಮೆಂಟ್ ಹೇಳ್ತದೆ. ಅಷ್ಟು ಸಾಕಾ? ಕೋರ್ಸ್ ಏನಾದರೂ ಮಾಡಬೇಕಾ?

ಉತ್ತರ (ಎಂಆರ್‌ಐ ಟೆಕ್ನಾಲಜಿಸ್ಟ್, ಮಂಗಳೂರು, ಊರು ಪೆರ್ಲ): ಸಾಲದು ತಂಗಿ. ಅಪ್ಲಿಕೇಶನ್‌ನವರು (ಕಲಿಸಲಿಕ್ಕೆ ಬರುವ ಕಂಪೆನಿಯ ಜನ) ಕಲಿಸುವುದು ಮೆಷಿನ್ ಓಡಿಸಲಿಕ್ಕೆ: ಯಾವ ಕಾಯಿಲ್, ಯಾವ ಸೀಕ್ವೆನ್ಸ್, ಸೊಂಟಕ್ಕೆ ಯಾವ ಪ್ರೊಟೊಕಾಲ್. ಅದನ್ನು ಚೆನ್ನಾಗಿಯೇ ಕಲಿಸ್ತಾರೆ. ಆದರೆ ಅಪಾಯ ಹುಟ್ಟುವುದು ಬಾಗಿಲಿನ ಹೊರಗೆ, ರೋಗಿಯನ್ನು ಒಳಗೆ ಬಿಡುವ ಮೊದಲು. ಆ ಕೆಲಸ ಅವರದ್ದಲ್ಲ, ನಿಮ್ಮದು.

ಸಿ.ಟಿ.ಯಲ್ಲಿ ಎಕ್ಸ್‌ಪೋಶರ್ ಕೊಟ್ಟಾಗ ಮಾತ್ರ ರೇಡಿಯೇಶನ್. ಇಲ್ಲಿ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ (ದ್ರವ ಹೀಲಿಯಂನಲ್ಲಿ ತಣ್ಣಗಿಟ್ಟ ಭಾರೀ ಅಯಸ್ಕಾಂತ) ರಾತ್ರಿಯೂ ಭಾನುವಾರವೂ, ಕರೆಂಟ್ ಹೋದರೂ ಕಬ್ಬಿಣವನ್ನು ಎಳೀತಾನೇ ಇರ್ತದೆ. 2018ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಬಂದ ಯುವಕ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋಗಿ ತೀರಿಕೊಂಡ. ಮೆಷಿನ್ ಆಫ್ ಉಂಟು ಅಂತ ಸಿಬ್ಬಂದಿಯೇ ಹೇಳಿದ್ದರೆಂದು ಮನೆಯವರು ದೂರಿದ್ದರು. 2001ರಲ್ಲಿ ನ್ಯೂಯಾರ್ಕಿನಲ್ಲೂ ಸಿಲಿಂಡರ್ ಹಾರಿ ಆರು ವರ್ಷದ ಮಗು ಹೋಗಿತ್ತು. ಮರುವರ್ಷ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ಸೇಫ್ಟಿ ಮಾರ್ಗಸೂಚಿ ತಂದಿತು. ನಾಲ್ಕು ಝೋನ್ ಅಂತ ನೀವು ಓದಿರಬಹುದಲ್ಲ, ಅದು ಅಲ್ಲಿನದ್ದು: ಹೊರಗಿನ ಜಾಗ, ವಿಚಾರಿಸುವ ಜಾಗ, ಕನ್ಸೋಲ್ (ಮೆಷಿನ್ ಓಡಿಸುವ ಕಂಪ್ಯೂಟರಿನ ಜಾಗ), ಮ್ಯಾಗ್ನೆಟ್ ರೂಮ್. ನಿಮ್ಮಲ್ಲಿ ಇನ್ನೂ ಗೋಡೆ ಏಳ್ತಿದ್ದರೆ ಈಗಲೇ ಪ್ಲಾನ್ ಕೇಳಿ ನೋಡಿ. ಕಾರಿಡಾರಿನಿಂದ ನೇರ ಮ್ಯಾಗ್ನೆಟ್ ರೂಮಿಗೆ ಬಾಗಿಲು ಇಟ್ಟಿದ್ದರೆ ಜಗಳ ಮಾಡಿ. ಅಲ್ಯುಮಿನಿಯಂ ಸಿಲಿಂಡರ್, ಎಂಆರ್‌ಐಗೆ ಆಗುವ ಸ್ಟ್ರೆಚರ್, ವೀಲ್‌ಚೇರ್ ಆರ್ಡರಿನಲ್ಲೇ ಸೇರಬೇಕು. ಆಮೇಲೆ ನೋಡುವ ಅಂದರೆ ಬರುವುದಿಲ್ಲ.

ಇನ್ನೊಂದು ವಿಷಯ. ಸಿ.ಟಿ.ಗೆ ಎ.ಇ.ಆರ್.ಬಿ. (ವಿಕಿರಣ ಸುರಕ್ಷೆ ನೋಡಿಕೊಳ್ಳುವ ಕೇಂದ್ರದ ಮಂಡಳಿ) ಲೈಸೆನ್ಸ್, ಮೈಗೆ ತಾಗಿದ ವಿಕಿರಣ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜ್ ಎಲ್ಲ ಉಂಟು. ಎಂಆರ್‌ಐಯಲ್ಲಿ ಎಕ್ಸ್‌ರೇಯಂಥ ವಿಕಿರಣ ಇಲ್ಲದ ಕಾರಣ ಅದು ಎ.ಇ.ಆರ್.ಬಿ. ವ್ಯಾಪ್ತಿಗೆ ಬರುವುದಿಲ್ಲ. ಆ ಬ್ಯಾಡ್ಜಿನ ಶಿಸ್ತು ಇಲ್ಲಿ ಮೇಲಿನಿಂದ ಬರುವುದಿಲ್ಲ, ನಾವೇ ಕಟ್ಟಿಕೊಳ್ಳಬೇಕು.

ಕೋರ್ಸ್ ಬೇಕಾದರೆ ಮಣಿಪಾಲದಲ್ಲಿ ಎಂ.ಎಸ್ಸಿ. ಇಮೇಜಿಂಗ್ ಉಂಟು. ಸೇಫ್ಟಿಗೇ ಅಂತ ಇರುವುದು ಎಂಆರ್ ಸೇಫ್ಟಿ ಆಫೀಸರ್ ಪರೀಕ್ಷೆ, ಅಮೆರಿಕದ ಬೋರ್ಡಿನದ್ದು. ಆದರೆ ಕೋರ್ಸಿಗಿಂತ ಮೊದಲು, ಎಂಆರ್‌ಐ ಇರುವ ಕಡೆ ಕೆಲವು ವಾರ ಸ್ಕ್ರೀನಿಂಗ್ ಮೇಜಿನ (ರೋಗಿಯನ್ನು ವಿಚಾರಿಸಿ ಒಳಗೆ ಬಿಡುವ ಜಾಗ) ಹತ್ತಿರ ನಿಲ್ಲಲಿಕ್ಕೆ ಅನುಮತಿ ಕೇಳಿ. ಕನ್ಸೋಲ್ ಹತ್ತಿರ ಅಲ್ಲ, ಮೇಜಿನ ಹತ್ತಿರ. ಮತ್ತೆ ನಿಮ್ಮ ಆಸ್ಪತ್ರೆಯಲ್ಲಿ ಟ್ರೈನಿಂಗ್ ಶುರು ಮಾಡುವಾಗ ಸೆಕ್ಯುರಿಟಿಯವರನ್ನೂ ನೆಲ ಒರೆಸುವವರನ್ನೂ ಮೊದಲ ಸಾಲಿನಲ್ಲಿ ಕೂರಿಸಿ. ಡಾಕ್ಟರು ಇಲ್ಲದ ಹೊತ್ತಿಗೆ ಅಲ್ಲಿ ಓಡಾಡುವವರು ಅವರೇ.

ಪ್ರಶ್ನೆ (ನರ್ಸ್, ಮಂಜೇಶ್ವರ): ನಮ್ಮಲ್ಲಿ ಸ್ಕ್ರೀನಿಂಗ್ ಫಾರ್ಮ್ ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಮಾತ್ರ. ಪೈವಳಿಕೆ, ಎಣ್ಮಕಜೆ ಕಡೆಯ ಅಜ್ಜಿಯಂದಿರಿಗೆ ಎರಡೂ ಓದಲಿಕ್ಕೆ ಬರುವುದಿಲ್ಲ. ಮಗನೋ ಅಳಿಯನೋ ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಹಾಕಿ ಕೊಡ್ತಾರೆ. ಎಂತ ಮಾಡುವುದು ಸರ್?

ಉತ್ತರ: ಕನ್ನಡದಲ್ಲೂ ಒಂದು ಮಾಡಿಸಿ, ಆದರೆ ಯಾವ ಭಾಷೆಯ ಟಿಕ್ಕನ್ನೂ ನಂಬಬೇಡಿ ಸಿಸ್ಟರ್. ಬಾಯಿಬಿಟ್ಟು ಕೇಳಬೇಕು, ರೋಗಿಯನ್ನೇ ಕೇಳಬೇಕು, ಎರಡು ಸಲ, ಬೇರೆ ಬೇರೆ ಜನ ಕೇಳಬೇಕು. ‘ಮೈಯೊಳಗೆ ಲೋಹ ಉಂಟಾ’ ಅಂದರೆ ಯಾರೂ ಹೌದು ಅನ್ನುವುದಿಲ್ಲ. ‘ಬಿದ್ದು ಕಾಲಿಗೆ ರಾಡ್ ಹಾಕಿದ್ದುಂಟಾ? ತಲೆಯ ಆಪರೇಶನ್? ಹಾರ್ಟಿನದ್ದು?’ ಅಂತ ತುಳುವಿನಲ್ಲೋ ಬ್ಯಾರಿಯಲ್ಲೋ ಹವ್ಯಕದಲ್ಲೋ ಕೇಳಿದರೆ ಒಂದೊಂದೇ ಹೊರಗೆ ಬರ್ತದೆ.

ನಾನು ಕೆಲಸ ಎಂತ ಅಂತಲೂ ಕೇಳ್ತೇನೆ. ಕೆಂಪುಕಲ್ಲಿನ ಕೋರೆಯಲ್ಲಿ ಮೆಷಿನ್ ಓಡಿಸುವವರು, ವೆಲ್ಡಿಂಗ್, ಗ್ರೈಂಡಿಂಗ್ ಮಾಡುವವರಿಗೆ ಎಂದಾದರೂ ಕಣ್ಣಿಗೆ ಕಬ್ಬಿಣದ ಚೂರು ಹಾರಿದ್ದರೆ, ಪೂರ್ತಿ ತೆಗೆದದ್ದಕ್ಕೆ ದಾಖಲೆ ಇಲ್ಲದಿದ್ದರೆ, ಮೊದಲು ಕಣ್ಣಿನ ಗುಳಿಯ ಎಕ್ಸ್‌ರೇ. ಕಣ್ಣೊಳಗೆ ಉಳಿದ ಸಣ್ಣ ಚೂರು ಸರಿದು ದೃಷ್ಟಿಯೇ ಹೋದದ್ದುಂಟು. ಗಲ್ಫಿನಲ್ಲಿ ಆಪರೇಶನ್ ಆದವರ ಹತ್ತಿರ ಕಾಗದ ಸಿಗುವುದಿಲ್ಲ. ಮಗನ ವಾಟ್ಸಾಪಿನಲ್ಲಿ ಇಂಪ್ಲಾಂಟ್ ಕಾರ್ಡಿನ ಫೋಟೊ ಇರ್ತದೆ, ಹುಡುಕಿಸಿ. ಕೇರಳ ಸರಕಾರದ ಶ್ರುತಿತರಂಗಂ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರಿಗೆ ಒಳಗೆ ಕೂರಿಸುವ ಉಪಕರಣ) ಆದ ಮಕ್ಕಳು ನಮ್ಮ ಜಿಲ್ಲೆಗೂ ಸೇರಿದವರೇ. ಅದರೊಳಗೆ ಅಯಸ್ಕಾಂತ ಇರ್ತದೆ, ಮಾಡೆಲ್ ನಂಬರ್ ನೋಡದೆ ಮುಟ್ಟಬೇಡಿ. ಪೇಸ್‌ಮೇಕರಿನಲ್ಲಿ ಪೆಟ್ಟಿಗೆ ಮಾತ್ರ ಅಲ್ಲ, ವಯರೂ ಎಂಆರ್‌ಐಗೆ ಒಪ್ಪಿದ್ದೇ ಆಗಿರಬೇಕು. ಸ್ಟೆಂಟಿಗೆ ಹೆದರುವವರು ತುಂಬ ಜನ, ಆದರೆ ಈಗಿನ ಹಾರ್ಟ್ ಸ್ಟೆಂಟುಗಳಿಗೆ ಸಾಮಾನ್ಯವಾಗಿ 1.5 ಟೆಸ್ಲಾದಲ್ಲಿ ಸಮಸ್ಯೆಯಿಲ್ಲ.

ಹೆಚ್ಚು ಹೊತ್ತು ಹೋಗುವುದು ಉಡಿದಾರ, ಕಾಲುಂಗುರ, ತಾಯಿತಕ್ಕೆ. ಬೆಳ್ಳಿಯನ್ನು ಮ್ಯಾಗ್ನೆಟ್ ಎಳೆಯುವುದಿಲ್ಲ ನಿಜ, ಆದರೆ ರೇಡಿಯೋ ತರಂಗಕ್ಕೆ ಬಿಸಿಯಾಗಬಹುದು. ತಾಯಿತದೊಳಗೆ ಯಾವ ತಗಡು ಉಂಟೆಂದು ಕಟ್ಟಿಸಿಕೊಂಡವರಿಗೇ ಗೊತ್ತಿರುವುದಿಲ್ಲ. ಲಾಕರಿಗೆ ಹಾಕಿ ಅಂದರೆ ಮುಖ ಗಂಟಿಕ್ಕುವ ಅಜ್ಜಿ, ‘ನಿಮ್ಮ ಮಗಳ ಕೈಯಲ್ಲೇ ಕೊಡಿ, ಹೊರಗೆ ಬಂದ ಕೂಡಲೇ ಕಟ್ಟಿಕೊಳ್ಳಿ’ ಅಂದರೆ ತೆಗೀತಾರೆ. ಜರಿ ಸೀರೆ ಬೇಡ, ಆಸ್ಪತ್ರೆಯ ಗೌನೇ ಆಗಬೇಕು. ಮಲಗಿಸುವಾಗ ಕೈ ಕೈ ಹೆಣೆಯಲು ಬಿಡಬೇಡಿ, ತೊಡೆಗಳ ನಡುವೆ ಪ್ಯಾಡ್ ಇಡಿ. ಚರ್ಮಕ್ಕೆ ಚರ್ಮ ತಾಗಿ ಸುತ್ತು ಆದಲ್ಲಿ ಸುಡ್ತದೆ.

ಪ್ರಶ್ನೆ (ಕುಂಬಳೆ): ಹೊಸ ಮೆಷಿನ್‌ಗಳಿಗೆ ಹೀಲಿಯಂ ಬೇಡವಂತೆ, ಎಐ ಬಂದು ಸ್ಕ್ಯಾನ್ ಬೇಗ ಮುಗೀತದಂತೆ. ಹಾಗಾದರೆ ಇಷ್ಟೆಲ್ಲ ತಲೆಬಿಸಿ ಯಾಕೆ?

ಉತ್ತರ: ಹೀಲಿಯಂ ಕಡಿಮೆ ಆದದ್ದು ಹೌದು. ಹಳೆಯದರಲ್ಲಿ ಸಾವಿರ ಲೀಟರಿಗೂ ಮೇಲೆ ಇರ್ತಿತ್ತು, ಫಿಲಿಪ್ಸಿನ ಒಂದು ಮಾದರಿಯಲ್ಲಿ 7 ಲೀಟರ್, ಅದೂ ಸೀಲ್ ಮಾಡಿದ್ದು. ಅದರಿಂದ ತಪ್ಪುವುದು ಅನಿಲ ಸೋರುವ ಭಯ, ಎಳೆತ ಅಲ್ಲ. ಟೆಸ್ಲಾ ಅಷ್ಟೇ ಉಂಟಲ್ಲ ಮಾರಾಯ್ರೆ! ಎಐ ರೀಕನ್‌ಸ್ಟ್ರಕ್ಷನ್ (ಬೇಗ ಮುಗಿಸಿದ ಸ್ಕ್ಯಾನಿನಿಂದ ಚಿತ್ರ ಕಟ್ಟುವುದು) ಒಳ್ಳೆಯದೇ, ನೋವಿನಲ್ಲಿ ಮಲಗಲಾಗದವರಿಗೆ ದೊಡ್ಡ ಉಪಕಾರ. ಆದರೆ ಉಳಿದ ಹತ್ತು ನಿಮಿಷದಲ್ಲಿ ಇನ್ನೊಬ್ಬ ರೋಗಿಯನ್ನು ತುರುಕುತ್ತಾರೆ, ಆಗ ಕತ್ತರಿ ಬೀಳುವುದು ವಿಚಾರಿಸುವ ಹೊತ್ತಿಗೆ. ಸ್ಲಾಟ್ ಹಾಕುವಾಗ ಸ್ಕ್ರೀನಿಂಗ್ ಸಮಯ ಬೇರೆಯೇ ಬರೆಸಿ.

ಪ್ರಶ್ನೆ (ಬದಿಯಡ್ಕ): ಅಣ್ಣ, ಕೊನೆಗೆ ಒಂದು. ಒಳಗೆ ರೋಗಿಗೆ ಹಾರ್ಟ್ ನಿಂತರೆ? ಮ್ಯಾಗ್ನೆಟ್ಟನ್ನೇ ಆರಿಸುವ ಕೆಂಪು ಕ್ವೆಂಚ್ ಬಟನ್ ಒತ್ತುವುದಾ?

ಉತ್ತರ: ಬೇಡ. ಫೀಲ್ಡ್ ಇಳಿಯಲಿಕ್ಕೆ ಒಂದೆರಡು ನಿಮಿಷವಾದರೂ ಹಿಡೀತದೆ, ದ್ರವ ಹೀಲಿಯಂ ಏಳುನೂರು ಪಟ್ಟು ಹಿಗ್ಗಿ ಪೈಪಿನಲ್ಲಿ ಹೊರಗೆ ಹೋಗಬೇಕು. ಪೈಪ್ ಕೈಕೊಟ್ಟರೆ ರೂಮಿನಲ್ಲಿ ಉಸಿರಿಗೆ ಆಕ್ಸಿಜನ್ ಇರುವುದಿಲ್ಲ. ಎದೆ ಒತ್ತುತ್ತಲೇ ರೋಗಿಯನ್ನು ಟೇಬಲ್ ಸಮೇತ ಹೊರಗೆ ತನ್ನಿ, ಹಿಂದೆಯೇ ಬಾಗಿಲು ಹಾಕಿ. ಓಡಿ ಬರುವ ಕೋಡ್ ಟೀಮಿನ (ಹಾರ್ಟ್ ನಿಂತಾಗ ಬರುವ ತುರ್ತು ತಂಡ) ಕಿಸೆಯಲ್ಲಿ ಕತ್ತರಿ, ಕೈಯಲ್ಲಿ ಗಂಟಲೊಳಗೆ ನೋಡುವ ಲಾರಿಂಗೋಸ್ಕೋಪ್ ಇರ್ತದೆ. ಒಬ್ಬರು ಬಾಗಿಲಲ್ಲೇ ನಿಂತು ತಡೆಯಬೇಕು. ಕ್ವೆಂಚ್ ಇರುವುದು ಮನುಷ್ಯ ಮ್ಯಾಗ್ನೆಟ್ಟಿಗೂ ಕಬ್ಬಿಣಕ್ಕೂ ನಡುವೆ ಸಿಕ್ಕಿಬಿದ್ದಾಗ. ಬರೀ ಕುರ್ಚಿ ಅಂಟಿದ್ದರೆ ಇಂಜಿನಿಯರಿಗೆ ಫೋನ್ ಮಾಡಿ. ಟೇಬಲ್ ಬಿಡಿಸಿ ಹೊರಗೆ ತರುವುದನ್ನು ಅಪ್ಲಿಕೇಶನ್‌ನವರು ಇರುವಾಗಲೇ ಒಬ್ಬರನ್ನು ಮಲಗಿಸಿ ಮಾಡಿ ನೋಡಿ, ಗಡಿಯಾರ ಇಟ್ಟುಕೊಂಡು.